ಒಂದು ಮನೆಗೆ ಎಷ್ಟು ನಾಯಿ? ಸಂಖ್ಯೆ ಹೇಳೋ ಕಾನೂನುಗಳ ಲೆಕ್ಕಾಚಾರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)

ಇವತ್ತಿನ ಸಂಚಿಕೆ ನಾಯಿ ಸಾಕಿರೋರಿಗೆ, ಬೆಕ್ಕು ಸಾಕಿರೋರಿಗೆ, ಮತ್ತೆ ಪಕ್ಕದ ಮನೆಯವರು ಸಾಕಿರೋದರಿಂದ ರಾತ್ರಿ ನಿದ್ದೆ ಕೆಟ್ಟಿರೋರಿಗೆ. ಮೂರೂ ಗುಂಪಿನವರು ಕೇಳಬೇಕಾದ ವಿಷಯ ಇದು.

ಹೀಗೆ ಅಂದ್ಕೊಳ್ಳಿ. ನಿಮ್ಮ ಮನೇಲಿ ಎರಡು ನಾಯಿ ಇವೆ. ಒಂದಕ್ಕೆ ಒಂಬತ್ತು ವರ್ಷ, ಇನ್ನೊಂದಕ್ಕೆ ಮೂರು. ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬೀಳುತ್ತೆ: 'ಇನ್ಮುಂದೆ ಒಂದು ಫ್ಲಾಟ್‌ಗೆ ಒಂದೇ ಸಾಕುಪ್ರಾಣಿ. ಹೆಚ್ಚಿಗೆ ಇರೋರು 30 ದಿನದಲ್ಲಿ ವ್ಯವಸ್ಥೆ ಮಾಡ್ಕೊಳ್ಳಿ.' ವ್ಯವಸ್ಥೆ ಅಂದ್ರೆ ಏನು? ಯಾವ ನಾಯಿಯನ್ನ ಕಳಿಸ್ತೀರಾ? ಎಲ್ಲಿಗೆ ಕಳಿಸ್ತೀರಾ? ಅದಕ್ಕಿಂತ ಮೊದಲಿನ ಪ್ರಶ್ನೆ, ಹಾಗೆ ಹೇಳೋ ಅಧಿಕಾರ ಅವರಿಗೆ ಇದೆಯಾ?

ಇನ್ನೊಂದು ಕಡೆಯಿಂದಲೂ ನೋಡೋಣ. 2025ರ ಫೆಬ್ರವರಿಯಲ್ಲಿ ಪುಣೆಯ ಹಡಪ್ಸರ್ ಕಡೆಯಿಂದ ಒಂದು ಸುದ್ದಿ ಬಂತು. ಒಂದು ಫ್ಲಾಟ್‌ನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳು. ವಾಸನೆ ಮತ್ತು ಸದ್ದು ತಡೆಯೋಕೆ ಆಗ್ತಿಲ್ಲ ಅಂತ ನಿವಾಸಿಗಳು ದೂರು ಕೊಟ್ಟರು, ಪಾಲಿಕೆ ನೋಟಿಸ್ ಕೊಟ್ಟಿತು. ನೀವು ಎಷ್ಟೇ ಪ್ರಾಣಿಪ್ರಿಯರಾಗಿರಿ, ಅದರ ಪಕ್ಕದ ಫ್ಲಾಟ್‌ನಲ್ಲಿ ಇರೋಕೆ ಇಷ್ಟಪಡ್ತೀರಾ?

ಅಂದ್ರೆ ಎಲ್ಲೋ ಒಂದು ಮಿತಿ ಬೇಕು ಅನ್ನೋದರಲ್ಲಿ ಜಗಳ ಇಲ್ಲ. ಆ ಮಿತಿಯನ್ನ ಸಂಖ್ಯೆಯಲ್ಲಿ ಹೇಳಬೇಕಾ, ಹೇಳಿದರೆ ಆ ಸಂಖ್ಯೆ ದಾಟಿದವರ ಜೊತೆ ಸರ್ಕಾರ ಏನು ಮಾಡಬೇಕು ಅನ್ನೋದೇ ಇವತ್ತಿನ ಮಾತು.

ಬೆಂಗಳೂರು ಒಮ್ಮೆ ಪ್ರಯತ್ನ ಮಾಡಿತ್ತು

ನೆನಪಿದೆಯಾ, 2018ರ ಜೂನ್? ಆಗ ಬಿಬಿಎಂಪಿ ಸಾಕುನಾಯಿ ಲೈಸೆನ್ಸ್ ಬೈಲಾ ತಂದಿತ್ತು. ಸಾರಾಂಶ ಇಷ್ಟು. ಫ್ಲಾಟ್‌ನಲ್ಲಿ ಇರೋರಿಗೆ ಒಂದು ನಾಯಿ. ಸ್ವತಂತ್ರ ಮನೆಯವರಿಗೆ ಮೂರು. ಲೈಸೆನ್ಸ್ ಶುಲ್ಕ 110 ರೂಪಾಯಿ, ತಪ್ಪಿದರೆ 1,000 ರೂಪಾಯಿ ದಂಡ. ಇದರ ಜೊತೆ ಫ್ಲಾಟ್‌ನಲ್ಲಿ ಯಾವ ತಳಿ ಸಾಕಬಹುದು ಅಂತ ಒಂದು ಪಟ್ಟಿ ಬೇರೆ. ಅದರಲ್ಲಿ ಇದ್ದದ್ದು ಹೆಚ್ಚಾಗಿ ಸಣ್ಣ ತಳಿಗಳು.

ಊರೆಲ್ಲಾ ಗಲಾಟೆ ಆಯ್ತು. ಆನ್‌ಲೈನ್ ಅರ್ಜಿ, ಪ್ರತಿಭಟನೆ, ಟಿವಿ ಚರ್ಚೆ. ಈಗಾಗಲೇ ಎರಡು ನಾಯಿ ಇರೋರು ಕೇಳಿದ ಪ್ರಶ್ನೆ ಒಂದೇ: 'ಎರಡನೇದನ್ನ ರಸ್ತೆಗೆ ಬಿಡಬೇಕಾ?' ಕೆಲವೇ ದಿನಗಳಲ್ಲಿ ಆ ಬೈಲಾವನ್ನ ತಡೆಹಿಡಿಯಲಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಬೈಲಾದಲ್ಲಿ ಒಳ್ಳೆ ಅಂಶಗಳೂ ಇದ್ವು. ನಾಯಿಗೆ ಲೈಸೆನ್ಸ್ ಇರಬೇಕು, ರೇಬೀಸ್ ಲಸಿಕೆ ಆಗಿರಬೇಕು, ಗುರುತಿಗೆ ಮೈಕ್ರೋಚಿಪ್ ಇರಬೇಕು. ಇವಕ್ಕೆ ಬೇಡ ಅಂದವರು ಕಮ್ಮಿ. ಆದರೆ ಸಂಖ್ಯೆ ಮತ್ತೆ ತಳಿಪಟ್ಟಿ ಜೊತೆಯಲ್ಲಿ ಸೇರಿಕೊಂಡಿದ್ದಕ್ಕೆ, ಒಳ್ಳೆಯದೂ ಅದರ ಜೊತೆಗೇ ಹೋಯ್ತು. ಈಗಂತೂ ಬಿಬಿಎಂಪಿಯೇ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ಮುಂದೊಂದು ದಿನ ಇದೇ ಪ್ರಶ್ನೆ ಈ ಪಾಲಿಕೆಗಳ ಮುಂದೆ ಬಂದೇ ಬರುತ್ತೆ. ಅದಕ್ಕೇ ಬೇರೆ ಊರುಗಳು ಏನು ಮಾಡಿವೆ ಅಂತ ಈಗಲೇ ನೋಡಿಟ್ಟುಕೊಳ್ಳೋದು ಒಳ್ಳೇದು.

ಸಂಖ್ಯೆ ಎಲ್ಲೆಲ್ಲಿ ಎಷ್ಟು?

ಮೊದಲು ನಮ್ಮ ದೇಶ. 2022ರಲ್ಲಿ ನಾಯಿ ಕಚ್ಚಿದ ಪ್ರಕರಣಗಳು ಸಾಲಾಗಿ ಸುದ್ದಿ ಆದ ಮೇಲೆ, ದೆಹಲಿ ಪಕ್ಕದ ಗಾಜಿಯಾಬಾದ್ ಪಾಲಿಕೆ ಒಂದು ಕುಟುಂಬಕ್ಕೆ ಒಂದೇ ನಾಯಿ ಅಂದಿತು. ಜೊತೆಗೆ ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟಿನೋ ತಳಿಗಳನ್ನ ಸಾಕೋ ಹಾಗಿಲ್ಲ ಅಂತಲೂ ಹೇಳಿತು.

ಚಂಡೀಗಢದವರು ಬೇರೆ ದಾರಿ ಹಿಡಿದರು. 2025ರ ಅವರ ಬೈಲಾ ಪ್ರಕಾರ ಮನೆಯ ಜಾಗದ ಅಳತೆ ನೋಡಿ ನಾಯಿ ಸಂಖ್ಯೆ. ಆ ಕಡೆ ಜಾಗ ಅಳೆಯೋದು ಮರ್ಲಾ, ಕನಾಲ್ ಲೆಕ್ಕದಲ್ಲಿ. ನಮ್ಮಲ್ಲಿ 30-40 ಸೈಟ್ ಅಂತೀವಲ್ಲ, ಆ ಥರ. ಐದು ಮರ್ಲಾ ಒಳಗಿನ ಚಿಕ್ಕ ಮನೆಗೆ ಒಂದು ನಾಯಿ, ಮನೆ ದೊಡ್ಡದಾದ ಹಾಗೆ ಸಂಖ್ಯೆ ಏರುತ್ತೆ, ಒಂದು ಕನಾಲ್‌ಗಿಂತ ದೊಡ್ಡ ಮನೆಗೆ ನಾಲ್ಕು. ಕೇಳೋಕೆ ನ್ಯಾಯ ಅನ್ಸುತ್ತೆ. ಆದರೆ ದೊಡ್ಡ ಮನೆ ಯಾರ ಹತ್ರ ಇರುತ್ತೆ ಅಂತ ಯೋಚಿಸಿ. ಬಂಗಲೆಯ ಅಂಗಳದಲ್ಲಿ ದಿನವಿಡೀ ಕಟ್ಟಿಹಾಕಿರೋ ನಾಲ್ಕು ನಾಯಿ ಕಾನೂನುಬದ್ಧ. ಚಿಕ್ಕ ಮನೆಯಲ್ಲಿ ದಿನಕ್ಕೆರಡು ಸಲ ವಾಕಿಂಗ್ ಹೋಗಿಬರೋ ಎರಡು ನಾಯಿ ಕಾನೂನುಬಾಹಿರ.

ಚೀನಾಕ್ಕೆ ಹೋದರೆ, ಶಾಂಘೈ ನಗರ 2011ರ ಮೇ 15ರಿಂದ ಒಂದು ಮನೆಗೆ ಒಂದೇ ನಾಯಿ ಅನ್ನೋ ನಿಯಮ ಜಾರಿ ಮಾಡಿತು. ಬೀಜಿಂಗ್‌ನಲ್ಲಿ 2003ರಿಂದಲೇ ಇಂಥ ನಿಯಮ ಇದೆ, ಜೊತೆಗೆ ನಗರದ ಮುಖ್ಯ ಭಾಗಗಳಲ್ಲಿ 35 ಸೆಂಟಿಮೀಟರ್‌ಗಿಂತ ಎತ್ತರದ ನಾಯಿ ಸಾಕೋ ಹಾಗಿಲ್ಲ. ಶಾಂಘೈ ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿತು, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ನಗರದ ಒಳಭಾಗದಲ್ಲಿ ಲೈಸೆನ್ಸ್ ಶುಲ್ಕವನ್ನ 2,000 ಯುವಾನ್‌ನಿಂದ 500ಕ್ಕೆ ಇಳಿಸಿತು. ಶುಲ್ಕ ದುಬಾರಿ ಇದ್ದಾಗ ಜನ ನೋಂದಣಿಯನ್ನೇ ಮಾಡಿಸಲ್ಲ. ನೋಂದಣಿ ಇಲ್ಲ ಅಂದ್ರೆ ಸರ್ಕಾರದ ಪುಸ್ತಕದಲ್ಲಿ ಆ ನಾಯಿಯೇ ಇಲ್ಲ. ಇಲ್ಲದ ನಾಯಿಯನ್ನ ಎಣಿಸೋದು ಹೇಗೆ?

ಸಿಂಗಾಪುರದ ಕಥೆ ಇನ್ನೂ ಕುತೂಹಲದ್ದು. ಅಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲಾಟ್‌ಗಳಲ್ಲೇ ಇರೋದು. ಆ ಫ್ಲಾಟ್‌ಗಳಲ್ಲಿ ಒಪ್ಪಿಗೆ ಪಡೆದ ತಳಿಯ ಒಂದು ನಾಯಿ ಸಾಕಬಹುದಿತ್ತು, ಆದರೆ 1989ರಿಂದ ಬೆಕ್ಕು ಪೂರ್ತಿ ನಿಷೇಧ. ಹಾಗಂತ ಜನ ಬೆಕ್ಕು ಸಾಕೋದು ಬಿಟ್ರಾ? ಇಲ್ಲ, ಕದ್ದು ಸಾಕಿದರು. ಮೂವತ್ತೈದು ವರ್ಷ ಆದ ಮೇಲೆ, 2024ರ ಸೆಪ್ಟೆಂಬರ್ 1ರಂದು ಸರ್ಕಾರವೇ ನಿಷೇಧ ತೆಗೆದು, ಒಂದು ಫ್ಲಾಟ್‌ಗೆ ಎರಡು ಬೆಕ್ಕು ಅಂತ ಮಾಡಿತು. ಲೈಸೆನ್ಸ್ ಮತ್ತೆ ಮೈಕ್ರೋಚಿಪ್ ಕಡ್ಡಾಯ. ಈಗಾಗಲೇ ಬೆಕ್ಕು ಇರೋರಿಗೆ ನೋಂದಣಿ ಮಾಡಿಸೋಕೆ ಎರಡು ವರ್ಷ ಟೈಮ್ ಕೊಟ್ಟಿತು. ನಿಯಮ ಪಾಲನೆಗೆ ಹೆಸರಾದ ದೇಶದಲ್ಲೇ 35 ವರ್ಷದ ನಿಷೇಧ ಬೆಕ್ಕನ್ನ ಮನೆಯಿಂದ ಓಡಿಸೋಕೆ ಆಗಲಿಲ್ಲ ಅಂದ್ರೆ, ನಮ್ಮಲ್ಲಿ ಒಂದು ಸುತ್ತೋಲೆಯಿಂದ ಆಗುತ್ತಾ?

ಕೋರ್ಟುಗಳು ಏನು ಕೇಳ್ತವೆ?

'ಯಾಕೆ ಎರಡು? ಯಾಕೆ ಮೂರಲ್ಲ?' ಅಂತ ಕೋರ್ಟಿಗೆ ಹೋದವರಿದ್ದಾರೆ. ಅಮೆರಿಕದ ಎರಡು ಪ್ರಕರಣ ನೋಡೋಣ, ಯಾಕಂದ್ರೆ ಉತ್ತರ ಎರಡು ಥರ ಬಂದಿದೆ.

1994ರಲ್ಲಿ ಪೆನ್ಸಿಲ್ವೇನಿಯಾದ ಕಾರ್ನೆಗಿ ಅನ್ನೋ ಊರಿನ ನಿಯಮ ಕೋರ್ಟಿಗೆ ಬಂತು. ಅಲ್ಲಿ ಐದಕ್ಕಿಂತ ಹೆಚ್ಚು ಬೆಕ್ಕು, ನಾಯಿ ಸಾಕೋ ಹಾಗಿರಲಿಲ್ಲ. ಐದು ಅನ್ನೋ ಸಂಖ್ಯೆಗೂ ಜನರ ಆರೋಗ್ಯ, ಸುರಕ್ಷತೆಗೂ ಏನು ಸಂಬಂಧ ಅನ್ನೋದಕ್ಕೆ ಆಧಾರ ಬೇಕು ಅಂತ ಕೋರ್ಟ್ ಹೇಳಿತು. ಕೆಳಗಿನ ಕೋರ್ಟಿನ ಆದೇಶ ನಿಲ್ಲಲಿಲ್ಲ.

1997ರಲ್ಲಿ ಮಿನ್ನೆಸೋಟದ ಸಾಕ್ ರ‍್ಯಾಪಿಡ್ಸ್ ನಗರದ ಎರಡು ನಾಯಿ ಮಿತಿ ಮೇಲ್ಮನವಿ ಕೋರ್ಟಿಗೆ ಬಂತು. ಈ ಸಲ ಕೋರ್ಟ್ ನಗರದ ಪರ ನಿಂತಿತು. ನಾಯಿ ಹೆಚ್ಚಾದರೆ ಸದ್ದು, ವಾಸನೆ, ಗಲೀಜಿನ ಸಮಸ್ಯೆ ಹೆಚ್ಚಾಗುತ್ತೆ ಅನ್ನೋದು ನಿಯಮ ಮಾಡೋಕೆ ಸಾಕಾದ ಕಾರಣ ಅಂತ ಒಪ್ಪಿಕೊಂಡಿತು.

ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ 2024ರಲ್ಲಿ ಬಂದದ್ದು ಸಂಖ್ಯೆಯ ವಿಷಯ ಅಲ್ಲ, ತಳಿಯ ವಿಷಯ. ಆದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತೆ. ಆ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನ 'ಅಪಾಯಕಾರಿ' ಅಂತ ಹೇಳಿ, ಅವುಗಳ ಮಾರಾಟ, ಸಂತಾನೋತ್ಪತ್ತಿ ನಿಲ್ಲಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲ್ 10ರಂದು ಹೈಕೋರ್ಟ್ ಅದನ್ನ ರದ್ದು ಮಾಡಿತು. ಮುಖ್ಯ ಕಾರಣ, ಸಂಬಂಧಪಟ್ಟವರನ್ನ ಕೇಳದೇ ಮಾಡಿದ್ದು. ಸರಿಯಾಗಿ ಸಮಾಲೋಚನೆ ಮಾಡಿ ಹೊಸದಾಗಿ ತರೋಕೆ ದಾರಿ ಬಿಟ್ಟಿತ್ತು. ಅಂದ್ರೆ ನಿಯಮ ಮಾಡಬೇಡಿ ಅಂತ ಕೋರ್ಟ್ ಹೇಳಲಿಲ್ಲ, ಕೇಳಿ ಮಾಡಿ ಅಂತು.

ಸಂಖ್ಯೆ ಯಾಕೆ ಇಷ್ಟ ಆಗುತ್ತೆ?

ಯಾಕಂದ್ರೆ ಎಣಿಸೋದು ಸುಲಭ. ಪಾಲಿಕೆಯ ಅಧಿಕಾರಿ ಬಾಗಿಲು ತಟ್ಟಿ ಒಂದು, ಎರಡು, ಮೂರು ಅಂತ ಎಣಿಸಬಹುದು. ಆದರೆ ಪಕ್ಕದ ಮನೆಯವರಿಗೆ ತೊಂದರೆ ಕೊಡೋದು ಬೊಗಳಾಟ, ವಾಸನೆ, ಲಿಫ್ಟ್‌ನಲ್ಲಿ ಆದ ಗಲೀಜು, ಲಸಿಕೆ ಆಗದ ನಾಯಿಯ ಭಯ. ಇವನ್ನೆಲ್ಲ ಅಳೆಯೋದು ಕಷ್ಟ. ದಿನವಿಡೀ ಒಂಟಿಯಾಗಿ ಬಾಲ್ಕನಿಯಲ್ಲಿ ಬಿಟ್ಟ ಒಂದೇ ಒಂದು ನಾಯಿ ಇಡೀ ಬ್ಲಾಕಿನ ನಿದ್ದೆ ಕೆಡಿಸಬಹುದು. ಚೆನ್ನಾಗಿ ನೋಡ್ಕೊಂಡ ಮೂರು ನಾಯಿ ಇರೋದೇ ಗೊತ್ತಾಗದೇ ಇರಬಹುದು.

ಇನ್ನೊಂದು ಲೆಕ್ಕ ಹೇಳ್ತೀನಿ. 200 ಫ್ಲಾಟ್ ಇರೋ ಒಂದು ಅಪಾರ್ಟ್‌ಮೆಂಟ್ ತಗೊಳ್ಳಿ. 'ಫ್ಲಾಟ್‌ಗೆ ಒಂದು' ಅನ್ನೋ ನಿಯಮದಲ್ಲಿ ಅಲ್ಲಿ 200 ನಾಯಿ ಇರಬಹುದು, ಎಲ್ಲವೂ ಸಕ್ರಮ. ಈಗ ನಿಜವಾಗಿ ಅಲ್ಲಿರೋದು 20 ನಾಯಿ, ಅದರಲ್ಲಿ ಒಂದು ಮನೇಲಿ ಎರಡು ಅಂತ ಇಟ್ಕೊಳ್ಳಿ. ನೋಟಿಸ್ ಹೋಗೋದು ಆ ಒಂದು ಮನೆಗೆ. ಅಪಾರ್ಟ್‌ಮೆಂಟ್‌ನ ಒಟ್ಟು ನಾಯಿಗಳ ಬಗ್ಗೆ ಈ ನಿಯಮ ಏನೂ ಹೇಳಲೇ ಇಲ್ಲ. ಹಾಗಾದ್ರೆ ಯಾವ ಸಮಸ್ಯೆ ಬಗೆಹರಿಯಿತು?

ಇನ್ನು ಆ ನೋಟಿಸ್ ಬಂದ ಮನೆಯ ಎರಡನೇ ನಾಯಿ. ಒಂಬತ್ತು ವರ್ಷದ ನಾಯಿಯನ್ನ ದತ್ತು ತಗೊಳ್ಳೋರು ಸಿಗೋದು ಎಷ್ಟು ಕಷ್ಟ ಅಂತ ಯಾವ ಶೆಲ್ಟರ್‌ನವರನ್ನ ಬೇಕಾದ್ರೂ ಕೇಳಿ. ಸಾಕಿದ ಪ್ರಾಣಿಯನ್ನ ಹಸಿವು ನೀರಡಿಕೆಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಹೌದು, ಐವತ್ತು ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು. ಒಂದು ಕಡೆ ಹೆಚ್ಚಿಗೆ ನಾಯಿ ಇಟ್ಕೊಂಡ್ರೆ ಸಾವಿರ ರೂಪಾಯಿ ದಂಡ ಅನ್ನೋ ಬೈಲಾ, ಇನ್ನೊಂದು ಕಡೆ ರಸ್ತೆಗೆ ಬಿಟ್ರೆ ಐವತ್ತು ರೂಪಾಯಿ ಅನ್ನೋ ಕಾಯ್ದೆ. ನಾನು ಓದಿದ್ದು ಬಿಕಾಂ, ಈ ಲೆಕ್ಕ ಜನರನ್ನ ಯಾವ ಕಡೆ ತಳ್ಳುತ್ತೆ ಅಂತ ಹೇಳೋಕೆ ಕಾನೂನು ಪದವಿ ಬೇಕಾಗಿಲ್ಲ.

ಹಾಗಾದ್ರೆ ಸಂಖ್ಯೆ ಬೇಡವೇ ಬೇಡವಾ?

ಬೇಕು. ಆದರೆ ಬೇರೆ ಕೆಲಸಕ್ಕೆ. ಇಲ್ಲಿ ಒಂದು ಕಾಮರ್ಸ್ ಉದಾಹರಣೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ.

ಜಿಎಸ್‌ಟಿ ಹೇಗೆ ಕೆಲಸ ಮಾಡುತ್ತೆ? ನಮ್ಮ ರಾಜ್ಯದಲ್ಲಿ ಸರಕು ಮಾರೋ ಅಂಗಡಿಯ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡೋರದ್ದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ದಾಟಿದ ತಕ್ಷಣ ಅಂಗಡಿ ಮುಚ್ಚಿ ಅಂತ ಯಾರಾದ್ರೂ ಹೇಳ್ತಾರಾ? ಇಲ್ಲ. 'ನೀನು ದೊಡ್ಡವನಾದೆ, ಇನ್ಮುಂದೆ ಲೆಕ್ಕ ತೋರಿಸು' ಅಂತಾರೆ, ಅಷ್ಟೇ. ಆ ಸಂಖ್ಯೆ ಇರೋದು ಯಾರ ಕಡೆ ಗಮನ ಕೊಡಬೇಕು ಅಂತ ಗುರುತಿಸೋಕೆ.

ಸಾಕುಪ್ರಾಣಿಗೂ ಹೀಗೇ ಮಾಡಿರೋ ಜಾಗ ಇದೆ. ಜಪಾನಿನಲ್ಲಿ ಒಸಾಕಾ, ಕನಗಾವಾ ಸೇರಿದಂತೆ ಹಲವು ಪ್ರಾಂತ್ಯಗಳಲ್ಲಿ ಒಂದು ಮನೇಲಿ ನಾಯಿ, ಬೆಕ್ಕು ಸೇರಿ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಡಳಿತಕ್ಕೆ ಮಾಹಿತಿ ಕೊಡಬೇಕು. ಹತ್ತಾದ ಕೂಡಲೇ ಅಪರಾಧಿ ಅಂತ ಅಲ್ಲ. ಆದರೆ ಪ್ರಾಣಿಗಳು ಹೇಗಿವೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯಾ, ಸಾಕುವವರಿಗೆ ನಿಭಾಯಿಸೋಕೆ ಆಗ್ತಿದೆಯಾ ಅಂತ ವಿಚಾರಿಸೋಕೆ ಅಧಿಕಾರಿಗಳಿಗೆ ಒಂದು ಕಾರಣ ಸಿಗುತ್ತೆ.

ಇದು ಯಾಕೆ ಮುಖ್ಯ? ಮನೆ ತುಂಬಾ ಪ್ರಾಣಿ ಸೇರಿಸಿಕೊಂಡವರಲ್ಲಿ ಕೆಲವರದ್ದು ಕಾಯಿಲೆ. ಪ್ರಾಣಿಗಳ ಮೇಲೆ ಪ್ರೀತಿ ಇರುತ್ತೆ, ಆದರೆ ನೋಡ್ಕೊಳ್ಳೋಕೆ ಆಗ್ತಿಲ್ಲ ಅನ್ನೋದು ಅವರಿಗೇ ಕಾಣಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿಯಲ್ಲಿ, ವಸ್ತುಗಳನ್ನ ಕೂಡಿಹಾಕೋ ಕಾಯಿಲೆಯ ವಿವರಣೆಯಲ್ಲೇ ಪ್ರಾಣಿಗಳನ್ನ ಕೂಡಿಹಾಕೋದರ ಪ್ರಸ್ತಾಪವೂ ಇದೆ. ಇಂಥವರಿಗೆ ದಂಡ ಹಾಕಿ ಪ್ರಾಣಿಗಳನ್ನ ಎತ್ತಿಕೊಂಡು ಹೋದರೆ, ಚಿಕಿತ್ಸೆ ಸಿಗದೇ ಇದ್ರೆ ಮತ್ತೆ ಶುರು ಆಗೋ ಸಾಧ್ಯತೆ ಜಾಸ್ತಿ. ಹತ್ತಿರುವಾಗಲೇ ಯಾರಾದ್ರೂ ಬಂದು ಮಾತಾಡಿಸಿದ್ರೆ ಅದು 300ಕ್ಕೆ ಹೋಗದೇ ಇರಬಹುದು.

ಹತ್ತಿರುವಾಗ ಬಂದವರು ಏನನ್ನ ನೋಡಬೇಕು? ಅದಕ್ಕೂ ಅಳತೆ ಇದೆ. ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳ ಬಗ್ಗೆ ಹೇಳಿತ್ತು. ಹಸಿವು ಬಾಯಾರಿಕೆ ಇರಬಾರದು, ಇರೋಕೆ ತಕ್ಕ ಜಾಗ ಬೇಕು, ನೋವು ಕಾಯಿಲೆಗೆ ಚಿಕಿತ್ಸೆ ಬೇಕು, ಭಯ ಇರಬಾರದು, ತನ್ನ ಸಹಜ ಗುಣದಂತೆ ಬದುಕೋಕೆ ಅವಕಾಶ ಬೇಕು. ಒಂದೇ ನಾಯಿ ಇರೋ ಮನೆಯೂ ಈ ಪರೀಕ್ಷೆಯಲ್ಲಿ ಫೇಲ್ ಆಗಬಹುದು. ನಾಲ್ಕಿರೋ ಮನೆ ಪಾಸ್ ಆಗಬಹುದು.

ಈಗ ನಿಮ್ಮ ಅಪಾರ್ಟ್‌ಮೆಂಟ್‌ಗೆ ಬರೋಣ

ಶುರುವಿನಲ್ಲಿ ಹೇಳಿದ ವಾಟ್ಸಾಪ್ ಮೆಸೇಜ್ ನಿಜವಾಗಿ ಬಂದ್ರೆ ಏನು ಮಾಡೋದು?

ಒಂದು. ಮೆಸೇಜ್ ಕಳಿಸಿದ್ದು ಯಾರು ಅಂತ ನೋಡಿ. ಪಾಲಿಕೆ ಬೈಲಾ ಬೇರೆ, ಅಸೋಸಿಯೇಷನ್ ನಿರ್ಣಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬಹುಮತ ಇದ್ರೂ ಅಸೋಸಿಯೇಷನ್‌ಗಳು ಸಾಕುಪ್ರಾಣಿಗಳನ್ನ ನಿಷೇಧ ಮಾಡೋ ಹಾಗಿಲ್ಲ, ನಾಯಿ ಬೊಗಳುತ್ತೆ ಅನ್ನೋದು ನಿಷೇಧಕ್ಕೆ ಕಾರಣ ಆಗಲ್ಲ, ಲಿಫ್ಟ್ ಬಳಸಬೇಡಿ ಅನ್ನೋ ಹಾಗೂ ಇಲ್ಲ ಅಂತ ಅದರಲ್ಲಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ, ಸಾಕುಪ್ರಾಣಿ ಬೇಡ ಅನ್ನೋ ಅಸೋಸಿಯೇಷನ್ ಬೈಲಾಗಳು ಕಾನೂನಿಗೆ ವಿರುದ್ಧ ಅಂತ ಹೇಳಿದೆ. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ದಯೆ ಇರಬೇಕು ಅನ್ನೋದನ್ನ ನಾಗರಿಕರ ಕರ್ತವ್ಯವಾಗಿ ಹೇಳುತ್ತೆ.

ಎರಡು. ಬಾಡಿಗೆಗೆ ಇರೋರು ಅಗ್ರಿಮೆಂಟ್ ಓದಿ. ಅಸೋಸಿಯೇಷನ್ ಜೊತೆಗಿನ ವಿಷಯ ಬೇರೆ, ಮನೆ ಓನರ್ ಜೊತೆ ನೀವು ಸಹಿ ಹಾಕಿರೋದು ಬೇರೆ. ಎಷ್ಟು ಪ್ರಾಣಿ ಇವೆ ಅಂತ ಓನರ್‌ಗೆ ಮೊದಲೇ ಹೇಳಿ, ಅಗ್ರಿಮೆಂಟ್‌ನಲ್ಲಿ ಬರೆಸಿ. 'ಒಂದು' ಅಂತ ಬರೆಸಿ ಮೂರು ತಂದ್ರೆ ಯಾವ ಮಾರ್ಗಸೂಚಿಯೂ ನಿಮ್ಮ ನೆರವಿಗೆ ಬರಲ್ಲ.

ಮೂರು. ನಿಮ್ಮ ಕಾಗದ ಪತ್ರ ಸರಿ ಇಟ್ಕೊಳ್ಳಿ. ಪ್ರತಿ ನಾಯಿಗೂ ಪಾಲಿಕೆ ಲೈಸೆನ್ಸ್, ರೇಬೀಸ್ ಲಸಿಕೆ ಕಾರ್ಡು, ಸಂತಾನಹರಣ ಆಗಿದ್ದರೆ ಅದರ ಚೀಟಿ. ಜಗಳ ಬಂದಾಗ 'ನಮ್ಮ ನಾಯಿ ತುಂಬಾ ಒಳ್ಳೇದು' ಅನ್ನೋ ಮಾತಿಗಿಂತ ಆ ಕಾರ್ಡು ಹೆಚ್ಚು ಕೆಲಸ ಮಾಡುತ್ತೆ.

ನಾಲ್ಕು. ನೀವು ತೊಂದರೆ ಅನುಭವಿಸ್ತಿರೋ ಪಕ್ಕದ ಮನೆಯವರಾದ್ರೆ, ನಿಮಗೂ ದಾರಿ ಇದೆ. ಪ್ರಾಣಿಯಿಂದ ಯಾರಿಗೂ ಅಪಾಯ ಆಗದಂತೆ ನೋಡ್ಕೊಳ್ಳದೇ ಇರೋದು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಸನೆ, ಗಲೀಜು ಸುತ್ತಮುತ್ತಲಿನವರಿಗೆಲ್ಲ ಕಾಟ ಆಗಿದ್ರೆ ಸಾರ್ವಜನಿಕ ಉಪದ್ರವ ಅಂತ ದೂರು ಕೊಡಬಹುದು. ದೂರಿನಲ್ಲಿ 'ಅವರ ಮನೇಲಿ ಮೂರು ನಾಯಿ ಇವೆ' ಅಂತ ಬರೀಬೇಡಿ. ಯಾವ ದಿನ, ಎಷ್ಟು ಹೊತ್ತು, ಏನಾಯ್ತು ಅಂತ ಬರೀರಿ. ಆಗ ಕೇಸು ಗಟ್ಟಿ ಆಗುತ್ತೆ.

ಐದು. ಅಸೋಸಿಯೇಷನ್ ಕಮಿಟಿಯಲ್ಲಿ ಇರೋರಿಗೆ ಒಂದು ಮಾತು. ನಿಷೇಧ ಬರೆಯೋ ಬದಲು ನಿಯಮ ಬರೀರಿ. ಬೆಲ್ಟ್ ಹಾಕಿ ಕರ್ಕೊಂಡು ಹೋಗೋದು, ಗಲೀಜು ಮಾಡಿದ್ರೆ ಸಾಕಿದವರೇ ತೆಗೆಯೋದು, ವರ್ಷಕ್ಕೊಮ್ಮೆ ಲಸಿಕೆ ಕಾರ್ಡಿನ ಪ್ರತಿ ಕಮಿಟಿಗೆ ಕೊಡೋದು. ಇದನ್ನ ನಾಯಿ ಸಾಕಿರೋರನ್ನೂ ಕೂರಿಸಿಕೊಂಡು ಬರೀರಿ. ಆಮೇಲೆ ಪಾಲಿಸೋರು ಅವರೇ ಅಲ್ವಾ?

ಕೊನೆಗೆ

ನನಗೆ ಅನ್ಸೋದು ಇಷ್ಟು. ನಮ್ಮ ಐದು ಪಾಲಿಕೆಗಳು ನಾಳೆ ಸಾಕುಪ್ರಾಣಿ ಬೈಲಾ ಬರೆಯೋಕೆ ಕೂತರೆ, ಮೊದಲು ಲೈಸೆನ್ಸ್ ಅಗ್ಗ ಮಾಡಲಿ, ಫೋನಿನಲ್ಲೇ ಐದು ನಿಮಿಷದಲ್ಲಿ ಆಗೋ ಹಾಗೆ ಮಾಡಲಿ. ನಂತರ ಒಂದು ಸಂಖ್ಯೆ ಇಡಲಿ, ಅದನ್ನ ದಾಟಿದ ಮನೆಗೆ ಪಶುವೈದ್ಯರು ಭೇಟಿ ಕೊಡಲಿ. ಎಲ್ಲ ಸರಿ ಇದ್ರೆ ಸಹಿ ಹಾಕಿ ಬರಲಿ. ಸರಿ ಇಲ್ಲದಿದ್ರೆ ಸರಿ ಮಾಡೋಕೆ ಸಮಯ ಕೊಡಲಿ. ಆಗಲೂ ಆಗದಿದ್ರೆ ಪ್ರಾಣಿಗಳಿಗೆ ಬೇರೆ ಮನೆ ಹುಡುಕೋ ಹೊಣೆ ಪಾಲಿಕೆಯೂ ಹೊರಲಿ. ಈಗಾಗಲೇ ಮನೇಲಿರೋ ಪ್ರಾಣಿಗಳು ಹೊಸ ನಿಯಮದಿಂದ ಬೀದಿಗೆ ಬೀಳಬಾರದು, ಆ ಒಂದು ಸಾಲು ಬೈಲಾದ ಮೊದಲ ಪುಟದಲ್ಲೇ ಇರಲಿ.

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇಂಥ ನಿಯಮ ಇದೆಯಾ? ಇದ್ರೆ ಅದರಲ್ಲಿ ಏನು ಬರೆದಿದ್ದಾರೆ? ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳದೇ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ನಾಯಿ ಸಾಕಿರೋ ಒಬ್ಬರಿಗೆ, ನಾಯಿ ಕಂಡ್ರೆ ಆಗದ ಒಬ್ಬರಿಗೆ, ಇಬ್ಬರಿಗೂ ಈ ಸಂಚಿಕೆ ಫಾರ್ವರ್ಡ್ ಮಾಡಿ. ಅವರಿಬ್ಬರೂ ಒಂದೇ ಲಿಫ್ಟ್‌ನಲ್ಲಿ ಓಡಾಡೋರಾದ್ರೆ ಇನ್ನೂ ಒಳ್ಳೇದು.